ಗಿರಾಕಿ ಬೇರೆ, ವರ್ತನೆ ಮನೆ ಬೇರೆ

ನಮ್ಮ ಶ್ರೀನಿವಾಸಪುರದ ಕಡೆ ಮಾವು ಹೂವಿಗೆ ಬಂದಿದೆ. ಹೂವು ಬಿಟ್ಟ ಕೂಡಲೇ ತೋಟಕ್ಕೆ ಎರಡು ಬರ್ತವೆ. ಒಂದು ಜೇನುಹುಳ, ಇನ್ನೊಂದು ಗುತ್ತಿಗೆಯವರ ಬೈಕು. ಹೂವಿನಲ್ಲೇ ತೋಟ ಸುತ್ತಿ ನೋಡಿ, ಒಂದು ಮೊತ್ತ ಹೇಳಿ, ಅಡ್ವಾನ್ಸ್ ಕೈಗಿಟ್ಟು ಹೋಗ್ತಾರೆ. ಅಲ್ಲಿಂದ ಮುಂದೆ ಔಷಧಿ ಹೊಡೆಯೋದು, ಕಾವಲು ಕಾಯೋದು, ಕೀಳೋದು, ಮಂಡಿಗೆ ಹಾಕೋದು ಎಲ್ಲಾ ಅವರದ್ದೇ. ಮರ ನಮ್ಮದು, ನೆಲ ನಮ್ಮದು. ಆದ್ರೆ ಆ ಮರದ ಹಣ್ಣನ್ನ ಯಾವ ಮನೆಯಲ್ಲಿ ಯಾರು ಕೊಯ್ದು ತಿಂದರು, ಚೆನ್ನಾಗಿದೆ ಅಂದರೋ ಹುಳಿ ಅಂತ ಬಿಸಾಕಿದರೋ, ಅದು ಮಾತ್ರ ನಮಗೆ ಗೊತ್ತಾಗಲ್ಲ. ಮೂವತ್ತು ವರ್ಷ ಮಾವು ಬೆಳೆದೂ ಒಬ್ಬನೇ ಒಬ್ಬ ತಿನ್ನುವವನ ಮುಖ ನೋಡದ ಬೆಳೆಗಾರರು ನಮ್ಮ ತಾಲ್ಲೂಕಲ್ಲಿ ಬೇಕಾದಷ್ಟು ಜನ ಇದ್ದಾರೆ.

ಈ ಸಮಯಕ್ಕೆ ಸರಿಯಾಗಿ ರೈತ ಸ್ನೇಹಿತರ ಫೋನ್ ಬರುತ್ತೆ. "ಈ ಸಲ ಗುತ್ತಿಗೆ ಕೊಡದೆ ನಾವೇ ಮಾರೋಣ ಅಂತಿದೀವಿ ಅಣ್ಣ. ಗಿರಾಕಿಗಳನ್ನ ಎಲ್ಲಿಂದ ತರೋದು? ನಿಮ್ಮ ಹತ್ರ ಎಷ್ಟು ಸಾವಿರ ನಂಬರ್ ಇದೆ?" ಅಂತ ಕೇಳ್ತಾರೆ. ನನ್ನ ಹತ್ರ ಸಾವಿರ ನಂಬರ್ ಇಲ್ಲ. ನೂರಾ ನಲವತ್ತು ಮನೆ ಇದೆ. ಆ ನೂರಾ ನಲವತ್ತು ಮನೆಯವರು ಹಣ್ಣನ್ನ ಹೇಗೆ ತಿಂತಾರೆ ಅಂತ ಗೊತ್ತಿದೆ. ಸಣ್ಣ ವ್ಯಾಪಾರ ಬೆಳೆಯೋದು ಈ ಎರಡನೇ ಗೊತ್ತಿನಿಂದಲೇ ಅನ್ನೋದು ನನ್ನ ಅಭಿಪ್ರಾಯ. ಇವತ್ತು ಅದನ್ನೇ ಸ್ವಲ್ಪ ಉದ್ದಕ್ಕೆ ಬರೀತೀನಿ. ಕಾಯಿ ಕೀಳೋ ಗಡಿಬಿಡಿ ಶುರುವಾದ ಮೇಲೆ ಬರೆಯೋಕೂ ಪುರುಸೊತ್ತಿಲ್ಲ, ಓದೋಕೂ ಇರಲ್ಲ.

ಬೆಂಗಳೂರು, ಮೈಸೂರು ಕಡೆ ಹಳಬರಿಗೆ 'ವರ್ತನೆ' ಅನ್ನೋ ಮಾತು ಗೊತ್ತಿರುತ್ತೆ. ವರ್ತನೆ ಹಾಲು, ವರ್ತನೆ ಹೂವು. ದಿನಾ ಬೆಳಗ್ಗೆ ಅದೇ ಮನೆಗೆ ಅದೇ ಅಳತೆ, ತಿಂಗಳಿಗೊಂದು ಸಲ ಲೆಕ್ಕ. ವರ್ತನೆ ಹೂವಿನಾಕೆ ಯಾವ ಕಾಲೇಜಿನಲ್ಲೂ ಮಾರ್ಕೆಟಿಂಗ್ ಓದಿದವಳಲ್ಲ. ಆದ್ರೆ ಯಾವ ಮನೆಗೆ ಶುಕ್ರವಾರ ಎರಡು ಮೊಳ ಜಾಸ್ತಿ ಬೇಕು, ಯಾವ ಮನೆಯ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾವ ಮನೆಯಲ್ಲಿ ಸೂತಕ ಅಂತ ಹತ್ತು ದಿನ ಹೂವು ಹಾಕಬಾರದು, ಯಾರಿಗೆ ಮಲ್ಲಿಗೆ ವಾಸನೆಗೆ ತಲೆನೋವು ಬರುತ್ತೆ, ಎಲ್ಲಾ ಬಾಯಲ್ಲೇ ಇರುತ್ತೆ. "ಅಕ್ಕಾ, ನಾಳೆ ಏಕಾದಶಿ, ತುಳಸಿ ತರ್ಲಾ?" ಅಂತ ಅವಳೇ ಕೇಳ್ತಾಳೆ. ಬೀದಿ ಕೊನೆಯಲ್ಲಿ ಹತ್ತು ರೂಪಾಯಿ ಕಡಿಮೆಗೆ ಹೂವು ಸಿಕ್ಕರೂ ಆ ಮನೆಯವರು ಇವಳನ್ನ ಬಿಡಲ್ಲ. ಗಿರಾಕಿ ಅಂದ್ರೆ ಬೆಲೆ ನೋಡಿ ಬರುವವನು, ಬೆಲೆ ನೋಡಿಯೇ ಹೋಗುವವನು. ವರ್ತನೆ ಮನೆ ಅಂದ್ರೆ ನಮ್ಮ ಮೇಲೆ ಒಂದು ಕೆಲಸ ಬಿಟ್ಟು ನೆಮ್ಮದಿಯಾಗಿರುವವರು.

ಈಗ ಎಲ್ಲೆಲ್ಲೂ ನೆಟ್‌ವರ್ಕಿಂಗ್ ಅನ್ನೋ ಪದ ಓಡಾಡ್ತಿದೆ. ರೈತರ ತರಬೇತಿಗೆ ಹೋದರೂ ಅದೇ ಪದ. ಹೋಟೆಲ್ ಹಾಲ್‌ನಲ್ಲಿ ವಿಸಿಟಿಂಗ್ ಕಾರ್ಡ್ ಹಂಚಿ, ಸೆಲ್ಫಿ ತಗೊಂಡು, ಐನೂರು ಜನರ ವಾಟ್ಸಾಪ್ ಗ್ರೂಪ್ ಸೇರಿ, ದಿನಾ ಬೆಳಗ್ಗೆ ಶುಭೋದಯ ಕಳಿಸಿದರೆ ಸಂಪರ್ಕ ಬೆಳೀತು ಅಂತ ಲೆಕ್ಕ. ಅದನ್ನ ಪೂರ್ತಿ ಬೇಡ ಅನ್ನಲ್ಲ. ಆದ್ರೆ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಜೂನ್ ತಿಂಗಳಲ್ಲಿ ಮಳೆ ಹಿಡಿದು, ಕಿತ್ತ ಕಾಯಿ ಐನೂರು ಕೆ.ಜಿ. ಮನೆಯಲ್ಲಿ ಕೂತಾಗ, ಆ ಐನೂರು ಜನರಲ್ಲಿ ಯಾರಿಗೆ ಫೋನ್ ಮಾಡೋಕೆ ನಿಮಗೆ ಸಂಕೋಚ ಇರಲ್ಲ? ಅಂಥವರು ಎಷ್ಟು ಜನ ಇದ್ದಾರೋ ಅಷ್ಟೇ ನಿಮ್ಮ ನೆಟ್‌ವರ್ಕ್.

ಈ ಮಾತು ಸುಮ್ಮನೆ ಉಪದೇಶ ಅಲ್ಲ. 2025ರ ಜೂನ್ ನೆನಪು ಮಾಡ್ಕೊಳ್ಳಿ. ನಮ್ಮ ಕೋಲಾರ ಜಿಲ್ಲೆಯಲ್ಲಿ ತೋತಾಪುರಿಯೇ ಹೆಚ್ಚು. ಅದರ ದೊಡ್ಡ ಪಾಲು ಹೋಗೋದು ಮಾವಿನ ತಿರುಳು ಮಾಡೋ ಕಾರ್ಖಾನೆಗಳಿಗೆ, ಅದರಲ್ಲೂ ಗಡಿಯಾಚೆಯ ಚಿತ್ತೂರಿಗೆ. ಆ ವರ್ಷ ಅಲ್ಲಿನ ಬೆಳೆಗಾರರಿಗೇ ಬೆಲೆ ಸಿಗ್ತಿರಲಿಲ್ಲ. ಹೊರ ರಾಜ್ಯದ ತೋತಾಪುರಿ ಒಳಗೆ ಬರಬಾರದು ಅಂತ ಚಿತ್ತೂರು ಜಿಲ್ಲಾಡಳಿತ ಆದೇಶ ಮಾಡಿತು. ಚೆಕ್‌ಪೋಸ್ಟಲ್ಲಿ ಲಾರಿ ನಿಂತವು. ಇಲ್ಲಿ ಮಂಡಿಯಲ್ಲಿ ಬೆಲೆ ನೆಲ ಕಚ್ಚಿತು. ರಸ್ತೆಗೆ ಹಣ್ಣು ಸುರಿದು ಜನ ಕೂತರು. ಆಮೇಲೆ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕ್ವಿಂಟಾಲ್‌ಗೆ 1,616 ರೂಪಾಯಿ ದರ ಗೊತ್ತು ಮಾಡಿ, ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಒಪ್ಪಿಗೆ ಕೊಟ್ಟಿತು. ಅಂದ್ರೆ ಕೆ.ಜಿ.ಗೆ ಹದಿನಾರು ರೂಪಾಯಿ ಚಿಲ್ಲರೆ.

ಆಗ ಎಲ್ಲರೂ ಸರ್ಕಾರವನ್ನ ಕೇಳಿದರು, ಕೇಳಬೇಕಾದ್ದೇ. ಆದ್ರೆ ನಮ್ಮನ್ನ ನಾವೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕಿತ್ತು. ಒಂದು ಗಡಿ ಮುಚ್ಚಿದರೆ ಒಂದು ಜಿಲ್ಲೆಯ ಬೆಳೆ ಬೀದಿಗೆ ಬರುತ್ತೆ ಅಂದ್ರೆ ನಮಗೆ ಇದ್ದ ದಾರಿ ಎಷ್ಟು? ಒಂದೇ. ಸಾವಿರಾರು ಬೆಳೆಗಾರರು, ಅವರ ಮುಂದೆ ಕೆಲವೇ ಕಾರ್ಖಾನೆ ಗೇಟು. ನೂರು ಕಿಲೋಮೀಟರ್ ಒಳಗೆ ಬೆಂಗಳೂರಿನಂಥ ಊರು ಇದ್ದೂ ಅಲ್ಲಿನ ನಾಲ್ಕು ಮನೆ ಗೊತ್ತಿಲ್ಲ ನಮಗೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ, ಆಮೇಲೆ ಯಾರೂ ತಪ್ಪು ತಿಳಿಯೋದು ಬೇಡ. ಎಲ್ಲಾ ಮಾವನ್ನೂ ವಾಟ್ಸಾಪ್‌ನಲ್ಲಿ ಮಾರೋಕಾಗಲ್ಲ. ಐದು ಎಕರೆ ತೋತಾಪುರಿ ಇರುವವನಿಗೆ ಕಾರ್ಖಾನೆ ಬೇಕು, ಮಂಡಿ ಬೇಕು, ಬೆಲೆ ಬಿದ್ದಾಗ ಸರ್ಕಾರವೂ ಬೇಕು. ನೇರ ಮಾರಾಟ ಅಂದ್ರೆ ಮಂಡಿಗೆ ಬೆಂಕಿ ಇಡೋದಲ್ಲ. ಮನೆಗೆ ಎರಡನೇ ಬಾಗಿಲು ಇಟ್ಟ ಹಾಗೆ. ಮುಂಬಾಗಿಲು ಯಾರಾದರೂ ಹಾಕಿದ ದಿನ ಹಿತ್ತಲ ಬಾಗಿಲಿಂದ ಉಸಿರಾಡಬಹುದು. ಬೆಲೆ ಹೇಳುವವನ ಮುಂದೆ ಸ್ವಲ್ಪ ನೆಟ್ಟಗೆ ನಿಲ್ಲಬಹುದು.

ಸರಿ, ಮನೆಗಳನ್ನ ತಿಳಿಯೋದು ಅಂದ್ರೇನು?

ಮೊದಲನೇದು, ಅವರು ಎಲ್ಲಿಂದ ಬಂದವರು. ಬೆಂಗಳೂರಿನ ಒಂದೇ ಅಪಾರ್ಟ್‌ಮೆಂಟ್‌ನಲ್ಲಿ ಹತ್ತು ಊರಿನ ನಾಲಿಗೆ ಇರುತ್ತೆ. ಹಳೇ ಮೈಸೂರು ಕಡೆಯವರಿಗೆ ಸೀಕರಣೆ ಬೇಕು, ಅವರಿಗೆ ರಸಪುರಿ ಬಿಟ್ಟರೆ ಬೇರೆ ಹಣ್ಣು ಹಣ್ಣೇ ಅಲ್ಲ. ರಸಪುರಿ ನೋಡೋಕೆ ಅಷ್ಟಕ್ಕಷ್ಟೆ, ಆದ್ರೆ ಹಿಂಡಿದರೆ ಪಾತ್ರೆ ತುಂಬಾ ರಸ. ಹುಬ್ಬಳ್ಳಿ ಧಾರವಾಡದ ಮನೆಗೆ ಆಪೂಸ್ ಬೇಕು. ನಾವು ಬಾದಾಮಿ ಅಂತೀವಿ, ಅವರು ಆಪೂಸ್ ಅಂತಾರೆ, ಬೋರ್ಡಿನಲ್ಲಿ ಎರಡೂ ಹೆಸರು ಬರೆಯೋದು ಒಳ್ಳೇದು. ಆಂಧ್ರದವರು ಬಂಗನಪಲ್ಲಿ ಕೇಳ್ತಾರೆ, ಗಟ್ಟಿ ಹಣ್ಣು, ಕೊಯ್ದು ಹೋಳು ಮಾಡಿ ತಿನ್ನೋಕೆ. ಗುಜರಾತಿನವರ ಬಾಯಲ್ಲಿ ಕೇಸರ್. ಇನ್ನು ದೋರಗಾಯಿ ತೋತಾಪುರಿಗೆ ಉಪ್ಪು ಖಾರ ಹಚ್ಚಿ ತಿನ್ನೋಕೆ ಯಾವ ಊರಿನವರಾದರೂ ಸೈ. ಇದು ಗೊತ್ತಿಲ್ಲದೆ ಎಲ್ಲರಿಗೂ "ಬಾದಾಮಿ, ಫಸ್ಟ್ ಕ್ವಾಲಿಟಿ" ಅಂತ ಮೆಸೇಜ್ ಕಳಿಸಿದರೆ ಸೀಕರಣೆ ಮನೆಯವರು ಒಂದು ಸಲ ತಗೊಂಡು ಸುಮ್ಮನಾಗ್ತಾರೆ. ಹಣ್ಣು ಕೆಟ್ಟಿದ್ದಲ್ಲ, ಮನೆ ತಪ್ಪಿದ್ದು.

ಎರಡನೇದು, ಮನೆಯಲ್ಲಿ ಎಷ್ಟು ಜನ. ನಮ್ಮ ಕಾಲದಲ್ಲಿ ಮಾವು ಅಂದ್ರೆ ಬುಟ್ಟಿ ಲೆಕ್ಕ, ಮನೆ ತುಂಬಾ ಮಕ್ಕಳು. ಈಗ ಬೆಂಗಳೂರಿನ ಮನೆಯಲ್ಲಿ ಇಬ್ಬರು ಅಥವಾ ಮೂವರು, ಅದರಲ್ಲಿ ಒಬ್ಬರಿಗೆ ಶುಗರ್. ಅವರಿಗೆ ಐದು ಕೆ.ಜಿ. ಒಂದೇ ಹದದ ಕಾಯಿ ಕೊಟ್ಟರೆ ಒಂದೇ ದಿನ ಎಲ್ಲಾ ಹಣ್ಣಾಗುತ್ತೆ. ಎರಡು ದಿನ ತಿಂತಾರೆ, ಮೂರನೇ ದಿನ ಪಕ್ಕದ ಮನೆಗೆ ಕೊಡ್ತಾರೆ, ನಾಲ್ಕನೇ ದಿನ ಕಸಕ್ಕೆ ಹಾಕ್ತಾರೆ. ಕಸಕ್ಕೆ ಹಾಕಿದ ಹಣ್ಣು ಎಷ್ಟು ಚೆನ್ನಾಗಿದ್ದರೂ ಮತ್ತೆ ಆರ್ಡರ್ ಬರಲ್ಲ, ಯಾಕಂದ್ರೆ ಅವರ ಮನಸ್ಸಲ್ಲಿ ಉಳಿಯೋದು ದುಡ್ಡು ದಂಡ ಆಯ್ತು ಅನ್ನೋದು. ಅದಕ್ಕೆ ಮೂರು ಕೆ.ಜಿ. ಬಾಕ್ಸು, ಅದರೊಳಗೆ ಮೂರು ಹದ. ಮೇಲಿನ ಸಾಲು ನಾಳೆ ನಾಡಿದ್ದಕ್ಕೆ, ನಡುವಿನದು ನಾಲ್ಕು ದಿನಕ್ಕೆ, ಕೆಳಗಿನದು ವಾರಕ್ಕೆ. ಬಾಕ್ಸ್ ತುಂಬುವಾಗ ಕೆಲಸ ಜಾಸ್ತಿ, ನಿಜ. ಆದ್ರೆ ಆ ಮನೆಯಲ್ಲಿ ವಾರ ಪೂರ್ತಿ ದಿನಕ್ಕೆರಡು ಹಣ್ಣು ಸಿಗುತ್ತೆ, ಬಿಸಾಕೋದು ಇರಲ್ಲ.

ಗಾತ್ರದ ಮಾತು ಬಂದಾಗ ತುಮಕೂರು ಜಿಲ್ಲೆಯ ಸಿದ್ದು ಹಲಸು ನೆನಪಾಗುತ್ತೆ. ಗುಬ್ಬಿ ತಾಲ್ಲೂಕು ಚೇಳೂರಿನ ಒಂದು ಮರ. ತೊಳೆ ಕೆಂಪು, ರುಚಿ ಅಪ್ಪಟ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನ ಗುರುತಿಸಿ, ಮರದ ಮಾಲೀಕರ ಜೊತೆಯೇ ಒಪ್ಪಂದ ಮಾಡಿಕೊಂಡು ಸಸಿ ಹಂಚೋ ವ್ಯವಸ್ಥೆ ಮಾಡಿದರು. ಬಣ್ಣ, ರುಚಿ, ಪೋಷಕಾಂಶ ಎಲ್ಲಾ ಸರಿ. ಆದ್ರೆ ವ್ಯಾಪಾರದ ಕಣ್ಣಿಂದ ನೋಡಿ, ಅದರ ಹಣ್ಣಿನ ಸರಾಸರಿ ತೂಕ ಎರಡೂವರೆ ಕೆ.ಜಿ. ಆಸುಪಾಸು. ಹದಿನೈದು ಕೆ.ಜಿ. ಹಲಸನ್ನ ಮೂರು ಜನರ ಮನೆ ಏನು ಮಾಡಬೇಕು? ಎರಡೂವರೆ ಕೆ.ಜಿ.ಯದ್ದಾದರೆ ಚೀಲದಲ್ಲಿ ಹಾಕ್ಕೊಂಡು ಬಸ್ಸಲ್ಲೂ ತರಬಹುದು, ಒಂದೇ ಹೊತ್ತಿಗೆ ಮುಗಿಸಲೂಬಹುದು. ಮಂಡಿಯಲ್ಲಿ ಸಣ್ಣದು ಅಂತ ಪಕ್ಕಕ್ಕಿಡೋ ಗಾತ್ರವೇ ಪೇಟೆ ಮನೆಗೆ ಸರಿಯಾದ ಗಾತ್ರ. ತಿನ್ನುವವರ ಅಡುಗೆಮನೆ ನೋಡದಿದ್ದರೆ ಇದು ಹೊಳೆಯೋದೇ ಇಲ್ಲ.

ಮೂರನೇದು, ಅವರಿಗೆ ಏನು ಗೊತ್ತಿಲ್ಲ ಅನ್ನೋದು. ಪೇಟೆಯವರಿಗೆ ಗೊತ್ತಿಲ್ಲ ಅಂತ ನಗೋದು ಬಿಡಬೇಕು, ಅದು ನಮ್ಮ ಕೆಲಸದ ಭಾಗ. ಬಾಕ್ಸ್ ಮನೆ ತಲುಪಿದ ಕೂಡಲೇ ಹಸಿ ಕಾಯಿನ ಫ್ರಿಜ್ಜಿಗೆ ಇಡುವವರು ಎಷ್ಟೋ ಜನ. ಫ್ರಿಜ್ಜಲ್ಲಿ ಮಾವು ಮಾಗಲ್ಲ, ಸುಮ್ಮನೆ ಸುಕ್ಕಾಗುತ್ತೆ. ಹೊರಗೆ, ಹುಲ್ಲು ಅಥವಾ ಪೇಪರಿನ ನಡುವೆ, ಗಾಳಿ ಆಡೋ ಕಡೆ ಇಡಿ, ದಿನಾ ಒಂದು ಸಲ ಮುಟ್ಟಿ ನೋಡಿ, ಹಣ್ಣಾದ ಮೇಲೆ ಬೇಕಿದ್ರೆ ಫ್ರಿಜ್ಜಿಗೆ ಇಡಿ ಅಂತ ನಾಲ್ಕು ಸಾಲು ಬರೆದ ಚೀಟಿ ಬಾಕ್ಸಿನೊಳಗೆ ಹಾಕಿ. ಮಲ್ಲಿಕಾ ಆದರೆ ಇನ್ನೂ ಒಂದು ಸಾಲು ಬೇಕು. ನೀಲಂ ಮತ್ತು ದಶಹರಿ ಸೇರಿಸಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಮಾಡಿದ ತಳಿ ಅದು, ವಾಟೆ ತೆಳು, ತಿರುಳು ಜಾಸ್ತಿ. ಆದ್ರೆ ಆತುರಕ್ಕೆ ಕೊಯ್ದರೆ ಏನೂ ರುಚಿ ಇಲ್ಲ. ಪೂರ್ತಿ ಹಳದಿಯಾಗಿ, ಸಿಪ್ಪೆ ತುಸು ಮೆತ್ತಗಾಗೋವರೆಗೂ ಕಾಯಬೇಕು. ಇದನ್ನ ಹೇಳದೆ ಮಾರಿದರೆ "ನಿಮ್ಮ ಮಲ್ಲಿಕಾ ಸಪ್ಪೆ" ಅಂತಾರೆ. ಹೇಳಿ ಮಾರಿದರೆ ಮುಂದಿನ ವರ್ಷ ಮಲ್ಲಿಕಾನೇ ಬೇಕು ಅಂತಾರೆ.

ಬಣ್ಣದ ವಿಷಯವೂ ಹಾಗೇ. ಮರದಲ್ಲಿ ಬಲಿತು ಹುಲ್ಲಿನಲ್ಲಿ ಮಾಗಿದ ಹಣ್ಣು ಎಲ್ಲಾ ಕಡೆ ಒಂದೇ ಸಮ ಹಳದಿ ಇರಲ್ಲ, ಭುಜದ ಹತ್ರ ಹಳದಿ, ತುದಿಯಲ್ಲಿ ಹಸಿರು ಇರಬಹುದು. ಗಾಡಿಯಲ್ಲಿ ಹೊಳೆಯೋ ಹಣ್ಣು ನೋಡಿ ಅಭ್ಯಾಸವಾದವರಿಗೆ ಇದು ಅನುಮಾನ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡೋದನ್ನ ಕಾನೂನು ನಿಷೇಧಿಸಿದೆ, ಎಥಿಲೀನ್ ಅನಿಲವನ್ನ ಗೊತ್ತಾದ ಮಿತಿಯೊಳಗೆ ಬಳಸೋಕೆ ಆಹಾರ ಸುರಕ್ಷತಾ ಪ್ರಾಧಿಕಾರ ಅನುಮತಿ ಕೊಟ್ಟಿದೆ. ಈ ವ್ಯತ್ಯಾಸ ಶಾಂತವಾಗಿ ಹೇಳಿ. "ಉಳಿದವರೆಲ್ಲಾ ವಿಷ ಮಾರ್ತಾರೆ, ನಾನೊಬ್ಬನೇ ಅಮೃತ" ಅಂತ ಹೇಳಿ ಮಾರೋ ಚಾಳಿ ಬೇಡ. ಭಯ ಹುಟ್ಟಿಸಿ ತಂದ ಗಿರಾಕಿ ನಾಳೆ ನಿಮ್ಮ ಮೇಲೂ ಅದೇ ಅನುಮಾನ ಪಡ್ತಾನೆ.

ಇನ್ನು ಬಾದಾಮಿಯ ಒಳಗುಟ್ಟು. ಹೊರಗಿಂದ ಚಿನ್ನದಂಥ ಹಣ್ಣು, ಕೊಯ್ದರೆ ವಾಟೆಯ ಸುತ್ತ ಬೆಳ್ಳಗೆ, ಸ್ಪಂಜಿನ ಥರ, ಹುಳಿ ಹುಳಿ. ಇದು ಆ ತಳಿಗಿರೋ ತೊಂದರೆ, ಹೊರಗಿಂದ ನೋಡಿ ಬೆಳೆಗಾರನಿಗೂ ಗೊತ್ತಾಗಲ್ಲ. ಸೀಸನ್ ಶುರುವಿನಲ್ಲೇ ಇದನ್ನ ಎಲ್ಲಾ ಮನೆಗೂ ಹೇಳಿಬಿಡಿ. "ಅಮ್ಮಾ, ಬಾದಾಮಿಯಲ್ಲಿ ಕೆಲವು ಹಣ್ಣು ಒಳಗೆ ಬೆಳ್ಳಗಿರಬಹುದು. ಹಾಗಿದ್ದರೆ ಒಂದು ಫೋಟೋ ಕಳಿಸಿ ಸಾಕು, ಮುಂದಿನ ಬಾಕ್ಸಲ್ಲಿ ಅಷ್ಟು ಹಣ್ಣು ಜಾಸ್ತಿ ಹಾಕ್ತೀನಿ." ಮೊದಲೇ ಹೇಳಿದ್ದು ಮಾಹಿತಿ ಆಗುತ್ತೆ, ಅವರು ಕೇಳಿದ ಮೇಲೆ ಹೇಳಿದ್ದು ಸಬೂಬು ಆಗುತ್ತೆ. ಫೋಟೋ ಬಂದಾಗ ವಾದ ಮಾಡಬಾರದು. ಎರಡು ಹಣ್ಣಿಗೆ ಸುಳ್ಳು ಹೇಳೋ ಮನೆ ನೂರಕ್ಕೆ ಒಂದಿದ್ದರೂ, ಉಳಿದ ತೊಂಬತ್ತೊಂಬತ್ತು ಮನೆಯ ನಂಬಿಕೆಗೆ ಎರಡು ಹಣ್ಣು ಯಾವ ಲೆಕ್ಕ?

ಇದೆಲ್ಲಾ ತಲೆಯಲ್ಲಿ ಉಳಿಯಲ್ಲ, ಒಂದು ನೋಟ್‌ಬುಕ್ ಬೇಕು. ಮನೆಗೊಂದು ಪುಟ. ಎಷ್ಟು ಜನ, ಯಾವ ತಳಿ, ಸೀಕರಣೆಯೋ ಹೋಳೋ ಉಪ್ಪಿನಕಾಯಿಯೋ, ಯಾವ ದಿನ ಮನೆಯಲ್ಲಿರ್ತಾರೆ, ಹೋದ ಸಲ ಏನಂದರು. ಕೊನೆಯ ಕಾಲಂ ಮುಖ್ಯ. "ಚೆನ್ನಾಗಿತ್ತು" ಅನ್ನೋದನ್ನ ಬರೆಯೋ ಅಗತ್ಯ ಇಲ್ಲ. ಬೇಸರದ ಮಾತನ್ನ ಅವರು ಹೇಳಿದ ಹಾಗೇ ಬರೆದಿಡಿ. "ತೊಟ್ಟಿನ ಹತ್ರ ಕಪ್ಪು ಕಲೆ" ಅಂತ ಮೂರು ಮನೆಯವರು ಹೇಳಿದರೆ ಅದು ಕೀಳುವಾಗ ಸೊನೆ ತಾಗಿದ್ದು. ಕಾಯಿನ ತೊಟ್ಟು ಸ್ವಲ್ಪ ಉಳಿಸಿ ಕತ್ತರಿಸಿ, ಆಮೇಲೆ ಬೋರಲು ಇಟ್ಟು ಸೊನೆ ಸೋರಿಸೋ ಕೆಲಸ ಯಾವ ಆಳು ಸರಿಯಾಗಿ ಮಾಡ್ತಿಲ್ಲ ಅಂತ ನೋಡಬಹುದು. "ಒಳಗೆ ಹುಳ" ಅಂದರೆ ಹಣ್ಣುನೊಣ, ತೋಟದಲ್ಲಿ ಮೋಹಕ ಬಲೆ ಸಾಕಾಗಿಲ್ಲ. ಹೀಗೆ ಬೆಂಗಳೂರಿನ ಅಡುಗೆಮನೆಯ ದೂರು ನಮ್ಮ ತೋಟದ ಕೆಲಸದ ಪಟ್ಟಿ ಆಗುತ್ತೆ. ಮಂಡಿಗೆ ಹಾಕಿದ ಹಣ್ಣಿಗೆ ದರ ಮಾತ್ರ ವಾಪಸ್ ಬರುತ್ತೆ, ಮಾತು ಬರಲ್ಲ.

ಈಗ ಸಂಪರ್ಕದ ಕಡೆ ಬರೋಣ. ಮನೆ ಹೇಗೆ ಸಿಗುತ್ತೆ? ನನ್ನ ಅನುಭವದಲ್ಲಿ ಬೇಲಿ ಹಬ್ಬಿದ ಹಾಗೆ, ಒಂದು ಗಿಣ್ಣಿನಿಂದ ಇನ್ನೊಂದಕ್ಕೆ. ಪ್ರತಿ ಅಪಾರ್ಟ್‌ಮೆಂಟಲ್ಲೂ ಒಬ್ಬ ಅಮ್ಮ ಇರ್ತಾರೆ. ಎಲ್ಲರಿಗೂ ಅವರ ಮಾತು ಅಂದ್ರೆ ಬೆಲೆ, ಯಾರ ಮನೆಗೆ ಕೆಲಸದವರು ಬೇಕಾದರೂ ಅವರನ್ನೇ ಕೇಳೋದು. ಅಂಥವರ ಮನೆಗೆ ಮೊದಲ ಬಾಕ್ಸ್ ಸರಿಯಾಗಿ ಹೋದರೆ ಸಾಕು. ಅವರಿಗೆ ಕಮಿಷನ್ ಕೊಡೋಕೆ ಹೋಗಬೇಡಿ, ಬೇಜಾರಾಗ್ತಾರೆ. ಕೊನೆಯಲ್ಲಿ ಉಪ್ಪಿನಕಾಯಿಗೆ ಅಂತ ನಾಲ್ಕು ಕೆ.ಜಿ. ಕಾಯಿ ಕೊಟ್ಟು ಬನ್ನಿ, ಮನೆಯವರ ಹಾಗೆ. ಗೇಟಿನ ಸೆಕ್ಯೂರಿಟಿಯವರನ್ನ ಮರೀಬೇಡಿ. ಬಾಕ್ಸ್ ಬಿಸಿಲಲ್ಲಿ ಇಡ್ತಾರೋ ನೆರಳಲ್ಲಿ ಇಡ್ತಾರೋ ಅನ್ನೋದು ಅವರ ಕೈಲಿದೆ. ಟೆಂಪೋ ಡ್ರೈವರ್ ಕೂಡ ಹಾಗೇ. ಕ್ರೇಟು ಎಸೆಯೋ ಡ್ರೈವರ್ ಒಂದು ದಿನದಲ್ಲಿ ನಿಮ್ಮ ಒಂದು ವರ್ಷದ ಹೆಸರು ಕೆಡಿಸಬಲ್ಲ.

ಲಾಲ್‌ಬಾಗ್‌ನಲ್ಲಿ ತೋಟಗಾರಿಕೆ ಇಲಾಖೆ ಮತ್ತು ಮಾವು ಅಭಿವೃದ್ಧಿ ನಿಗಮದವರು ಮಾಡೋ ಮಾವು ಮೇಳ ಒಳ್ಳೇ ಅವಕಾಶ. ಅಂಚೆಯ ಮೂಲಕ ಬಾಕ್ಸ್ ಕಳಿಸೋ ವ್ಯವಸ್ಥೆಯನ್ನೂ ನಿಗಮ ಮಾಡಿದೆ. ಆದ್ರೆ ಮೇಳದಲ್ಲಿ ಕೆಲವರು ಸಂಜೆಯೊಳಗೆ ಎಷ್ಟು ಕ್ರೇಟ್ ಖಾಲಿ ಆಯ್ತು ಅಂತ ಮಾತ್ರ ನೋಡ್ತಾರೆ. ನನ್ನ ಲೆಕ್ಕದಲ್ಲಿ ಮೇಳದ ಲಾಭ ಗಲ್ಲಾಪೆಟ್ಟಿಗೆಯಲ್ಲಿಲ್ಲ. "ಏನಪ್ಪಾ, ಹೋದ ವರ್ಷ ನಿಮ್ಮ ಹತ್ರಾನೇ ತಗೊಂಡಿದ್ದೆ, ಆಮೇಲೆ ಎಲ್ಲೂ ಸಿಗಲೇ ಇಲ್ಲವಲ್ಲ" ಅಂತ ಒಬ್ಬ ಅಜ್ಜಿ ಕೇಳಿದರೆ, ಆ ಮಾತಿಗೆ ನೂರು ಕೆ.ಜಿ. ಮಾವಿನ ಬೆಲೆ. ಆ ಅಜ್ಜಿಯ ಮನೆ ಎಲ್ಲಿ, ಅವರಿಗೆ ಫೋನ್ ಮಾಡಿದರೆ ಬೇಜಾರಿಲ್ಲವಾ ಅಂತ ಕೇಳಿ ಬರೆದುಕೊಂಡವನಿಗೆ ಮೇಳ ಮುಗಿಯೋದೇ ಇಲ್ಲ.

ಎರಡನೇ ಸಂಪರ್ಕ ನಮ್ಮ ನಮ್ಮಲ್ಲೇ. ಇದು ಕಷ್ಟದ್ದು. ಪಕ್ಕದ ತೋಟದವನನ್ನ ಪೈಪೋಟಿ ಅಂತಲೇ ನೋಡಿ ಅಭ್ಯಾಸ ನಮಗೆ. ನಿಜ ಏನಂದ್ರೆ ಒಬ್ಬನ ತೋಟದ ಹಣ್ಣು ಮೂರು ವಾರ ಬರುತ್ತೆ, ಮನೆಯವರ ನಾಲಿಗೆ ಮೂರು ತಿಂಗಳು ಕೇಳುತ್ತೆ. ಏಪ್ರಿಲ್ ಕೊನೆಗೆ ಬಾದಾಮಿ, ಮೇ ತಿಂಗಳಲ್ಲಿ ರಸಪುರಿ, ಬಂಗನಪಲ್ಲಿ, ಜೂನ್‌ಗೆ ಮಲ್ಲಿಕಾ, ಆಮೇಲೆ ನೀಲಂ. ಐದು ಜನ ಬೆಳೆಗಾರರು ಕೂಡಿದರೆ ಒಂದೇ ಟೆಂಪೋದಲ್ಲಿ ಸೀಸನ್ ಪೂರ್ತಿ ಬಾಕ್ಸ್ ಹೋಗುತ್ತೆ. ಕೂಡೋಕೆ ಮೂರೇ ಕಟ್ಟಳೆ ಸಾಕು. ಬಾಕ್ಸ್ ಮೇಲೆ ಬೆಳೆದವನ ಹೆಸರು ಇರಬೇಕು. ದೂರು ಬಂದರೆ ಅವನದೇ ಹೊಣೆ. ಕದ್ದು ಮುಚ್ಚಿ ಮನೆಗಳಿಗೆ ಕಡಿಮೆ ಬೆಲೆ ಹೇಳಬಾರದು.

ಇದೇನು ಹೊಸ ವಿದ್ಯೆಯೂ ಅಲ್ಲ. ಇವತ್ತು ಬೆಂಗಳೂರಿನ ಮೂಲೆ ಮೂಲೆಯಲ್ಲಿ ಕಾಣೋ ಹಾಪ್‌ಕಾಮ್ಸ್ ಮಳಿಗೆಯ ಬೇರು 1959ರಲ್ಲಿ ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘದಲ್ಲಿದೆ. ಅದರ ಹಿಂದೆ ನಿಂತವರು ತೋಟಗಾರಿಕೆಯ ಡಾ. ಎಂ.ಎಚ್. ಮರೀಗೌಡರು. ದ್ರಾಕ್ಷಿ ಒಂದು ದಿನ ತಡವಾದರೆ ಉದುರೋ ಹಣ್ಣು, ಒಬ್ಬೊಬ್ಬನೇ ಪೇಟೆಗೆ ಹೊತ್ತುಕೊಂಡು ಹೋಗಿ ದಲ್ಲಾಳಿ ಹೇಳಿದ ರೇಟಿಗೆ ಸುರಿದು ಬರೋದಕ್ಕಿಂತ ಕೂಡಿ ಅಂಗಡಿ ಇಡೋದು ಮೇಲು ಅಂತ ಆ ಕಾಲದ ಬೆಳೆಗಾರರಿಗೆ ಅರ್ಥ ಆಗಿತ್ತು. ಮೊಬೈಲ್ ಇಲ್ಲದ ಕಾಲದಲ್ಲಿ ಅವರು ಮಾಡಿದ್ದನ್ನ ಮೊಬೈಲ್ ಇಟ್ಟುಕೊಂಡು ನಾವು ಮಾಡೋಕಾಗಲ್ಲವಾ?

ದುಡ್ಡಿನ ಲೆಕ್ಕ ಹೇಳದೆ ಇಂಥ ಬರಹ ಪೂರ್ತಿ ಆಗಲ್ಲ. ಇದು ಲೆಕ್ಕದ ಮಾದರಿ ಅಷ್ಟೆ, ನಿಮ್ಮ ಊರಿನ ಅಂಕಿ ನೀವು ಹಾಕಿಕೊಳ್ಳಿ. ನೂರು ಬಾಕ್ಸ್, ಮೂರು ಮೂರು ಕೆ.ಜಿ., ಒಟ್ಟು 300 ಕೆ.ಜಿ. ಕೆ.ಜಿ.ಗೆ 120 ರೂಪಾಯಿ ಅಂದ್ರೆ 36,000. ಬಾಕ್ಸು, ಪೇಪರು, ಚೀಟಿ 3,500. ಗಾಡಿ 4,000. ಕೀಳೋ, ಆರಿಸೋ, ತುಂಬೋ ಕೂಲಿ 4,000. ಕೆಟ್ಟ ಹಣ್ಣಿಗೆ ಬದಲಿ ಐದು ಬಾಕ್ಸ್, 1,800. ಖರ್ಚು 13,300 ಕಳೆದರೆ ಉಳಿಯೋದು 22,700, ಕೆ.ಜಿ.ಗೆ ಎಪ್ಪತ್ತೈದು ರೂಪಾಯಿ ಚಿಲ್ಲರೆ. ಇದರಲ್ಲೇ ಇಡೀ ವರ್ಷದ ಗೊಬ್ಬರ, ಔಷಧಿ, ಉಳುಮೆ ಹೊರಡಬೇಕು. ನಿಮ್ಮ ಮನೆಯವರ ದುಡಿಮೆ, ಫೋನಲ್ಲಿ ಕಳೆದ ಗಂಟೆ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅದೂ ಅಲ್ಲದೆ 300 ಕೆ.ಜಿ. ಒಳ್ಳೇ ಹಣ್ಣು ಆರಿಸಬೇಕಾದರೆ ಅದಕ್ಕಿಂತ ಎಷ್ಟೋ ಜಾಸ್ತಿ ಕೀಳಬೇಕು, ಉಳಿದಿದ್ದು ಮತ್ತೆ ಮಂಡಿಗೇ ಹೋಗುತ್ತೆ. ಹೀಗೆ ಬರೆದು ನೋಡಿದ ಮೇಲೂ ಲಾಭ ಕಂಡರೆ ಮಾತ್ರ ಮಾಡಿ. "ದಲ್ಲಾಳಿ ಹೊಟ್ಟೆ ತುಂಬೋದು ಬೇಡ" ಅನ್ನೋ ಸಿಟ್ಟಿನಿಂದ ಶುರು ಮಾಡಿದವರು ಎರಡನೇ ವರ್ಷಕ್ಕೆ ನಿಲ್ಲಿಸ್ತಾರೆ. ದಲ್ಲಾಳಿ ಮಾಡ್ತಿದ್ದ ಕೆಲಸ ಎಲ್ಲಾ ಈಗ ನಮ್ಮ ತಲೆ ಮೇಲೆ ಬಂದಿರುತ್ತೆ, ಅದಕ್ಕೂ ಕೂಲಿ ಉಂಟು.

ಹಾಗಾದ್ರೆ ಬೆಳೆಯೋದು ಹೇಗೆ? ಇಲ್ಲೇ ನನ್ನ ಮುಖ್ಯ ಮಾತು ಇರೋದು. ವ್ಯಾಪಾರ ಬೆಳೆಸೋದು ಅಂದ್ರೆ ಮನೆ ಹೆಚ್ಚಿಸೋದು ಅಂತಲೇ ಎಲ್ಲರೂ ತಿಳೀತಾರೆ. ನೂರಾ ನಲವತ್ತು ಇದ್ದದ್ದು ಸಾವಿರ ಆಗಬೇಕು, ಆಮೇಲೆ ಹತ್ತು ಸಾವಿರ. ಸಾವಿರ ಮನೆ ಆದ ದಿನ ನೋಟ್‌ಬುಕ್ ಮುಚ್ಚಿಹೋಗುತ್ತೆ. ಯಾರಿಗೆ ಸೀಕರಣೆ, ಯಾರಿಗೆ ಹೋಳು ಅನ್ನೋದು ಮರೆತು, ನಾವೂ ಇನ್ನೊಂದು ಆ್ಯಪ್ ಆಗ್ತೀವಿ. ದೊಡ್ಡ ಕಂಪನಿಯ ಆ್ಯಪ್ ಎದುರು ಬೆಲೆಯಲ್ಲಿ, ವೇಗದಲ್ಲಿ ರೈತ ಗೆಲ್ಲಲ್ಲ. ಅವರ ಹತ್ರ ಇಲ್ಲದೇ ಇರೋದು ನಮ್ಮ ಹತ್ರ ಒಂದೇ, ಆ ಮನೆಯ ಪರಿಚಯ.

ಅದಕ್ಕೆ ನಾನು ಹೇಳೋದು, ಮನೆ ಹೆಚ್ಚಿಸೋ ಮೊದಲು ತಿಂಗಳು ಹೆಚ್ಚಿಸಿ. ಮಾವು ತಿನ್ನೋ ಮನೆಯವರು ಉಳಿದ ಎಂಟು ತಿಂಗಳು ಉಪವಾಸ ಇರಲ್ಲವಲ್ಲ. ನಮ್ಮ ಕಡೆ ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ ಬರುತ್ತೆ, ಹೊಸ ರಾಗಿ ಬರುತ್ತೆ. ಫೆಬ್ರವರಿ, ಮಾರ್ಚ್‌ಗೆ ಹೊಸ ಹುಣಸೆಹಣ್ಣು, ಬೀಜ ನಾರು ತೆಗೆದು ಕೊಟ್ಟರೆ ಬೇಡ ಅನ್ನೋ ಮನೆಯೇ ಇಲ್ಲ. ಇದನ್ನೆಲ್ಲಾ ನಾವೊಬ್ಬರೇ ಬೆಳೀಬೇಕಿಲ್ಲ. ಅವರೆ ಬೆಳೆಯುವವನು ಪಕ್ಕದ ಊರಲ್ಲಿದ್ದಾನೆ, ಹುಣಸೆ ಮರ ಇನ್ನೊಬ್ಬರ ಹೊಲದ ಬದುವಿನಲ್ಲಿದೆ. ಅದೇ ನೂರಾ ನಲವತ್ತು ಮನೆ, ಅದೇ ಟೆಂಪೋ, ಆದ್ರೆ ಐದು ರೈತರಿಗೆ ವರ್ಷ ಪೂರ್ತಿ ವರ್ತನೆ. ಹೊಸ ಗಿರಾಕಿ ಹುಡುಕೋ ಖರ್ಚು ಸೊನ್ನೆ. ಹುಣಸೆಹಣ್ಣು ಕಳಿಸುವಾಗಲೇ "ಅಮ್ಮಾ, ಈ ಸಲ ರಸಪುರಿ ಹೂವು ಚೆನ್ನಾಗಿದೆ" ಅಂತ ಹೇಳಿದರೆ ಮಾವಿನ ಆರ್ಡರ್ ಅಲ್ಲೇ ಅರ್ಧ ಆದಂತೆ.

"ಎಲ್ಲಾ ರೈತರಿಗೂ ಮಾತಾಡೋಕೆ ಬರಲ್ಲ ಅಣ್ಣ, ತೋಟ ನೋಡೋದೋ ಫೋನ್ ನೋಡೋದೋ" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಲ್ಲರೂ ಮಾತಾಡಬೇಕಿಲ್ಲ. ಐದು ಜನರಲ್ಲಿ ಒಬ್ಬರಿಗೆ ಮಾತು ಬರುತ್ತೆ, ಒಬ್ಬರಿಗೆ ಲೆಕ್ಕ, ಒಬ್ಬರಿಗೆ ಹಣ್ಣಿನ ಹದ. ಎಷ್ಟೋ ಮನೆಯಲ್ಲಿ ಓದಿದ ಸೊಸೆ, ಕಾಲೇಜಿಗೆ ಹೋಗೋ ಮಗಳು ಇದ್ದಾರೆ. ಬೆಂಗಳೂರಿನ ಅಡುಗೆಮನೆಯ ಮಾತು ನಮಗಿಂತ ಅವರಿಗೇ ಬೇಗ ತಿಳಿಯುತ್ತೆ. ನೋಟ್‌ಬುಕ್ ಅವರ ಕೈಗೆ ಕೊಡಿ, ಆ ಕೆಲಸಕ್ಕೆ ಪಾಲನ್ನೂ ಕೊಡಿ. ಪುಕ್ಕಟೆ ದುಡಿಸಬೇಡಿ.

ಹೂವು ಕಾಯಿ ಕಚ್ಚೋಕೆ ಇನ್ನೂ ಸಮಯ ಇದೆ. ಗುತ್ತಿಗೆಯವರು ಬಂದಾಗ ಪೂರ್ತಿ ಇಲ್ಲ ಅನ್ನೋ ಧೈರ್ಯ ಎಲ್ಲರಿಗೂ ಇರಲ್ಲ. ಮಕ್ಕಳ ಫೀಸು, ಸೊಸೈಟಿ ಸಾಲ ಎಲ್ಲಾ ಇದೇ ತಿಂಗಳಲ್ಲಿ ಬಂದು ಕೂತಿರುತ್ತೆ, ಅಡ್ವಾನ್ಸ್ ದುಡ್ಡು ಕೈಗೆ ಬೇಕೇ ಬೇಕು. ಕೊಡಿ. ಆದ್ರೆ ಹತ್ತು ಮರ ಉಳಿಸಿಕೊಳ್ಳಿ. ಯಾವ ಹತ್ತು ಅಂತ ಮೊದಲೇ ಗುರುತು ಮಾಡಿ, ಮಾತಿನಲ್ಲಿ ಬಿಡದೆ ಬರವಣಿಗೆಯಲ್ಲೇ ಹಾಕಿಸಿ. ಬಾದಾಮಿ, ರಸಪುರಿ, ಮಲ್ಲಿಕಾ ಏನಿದೆಯೋ ಅದು. ಇವತ್ತಿಂದಲೇ ನಿಮಗೆ ಗೊತ್ತಿರೋ ಇಪ್ಪತ್ತು ಮನೆ ಪಟ್ಟಿ ಮಾಡಿ. ನೆಂಟರು, ಮಕ್ಕಳ ಜೊತೆ ಕೆಲಸ ಮಾಡುವವರು, ಊರು ಬಿಟ್ಟು ಹೋದ ಹಳೇ ಸ್ನೇಹಿತರು. ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ಮಾವು ಹೇಗೆ ತಿಂತೀರಿ? ಎಷ್ಟು ಜನ ತಿಂತೀರಿ? ಹೋದ ವರ್ಷ ತಂದದ್ದರಲ್ಲಿ ಏನು ಬೇಜಾರಾಯ್ತು? ಬೆಲೆ ಹೇಳಬೇಡಿ, ಆರ್ಡರ್ ಕೇಳಬೇಡಿ. ಕೇಳಿದ್ದನ್ನ ಬರೆದುಕೊಳ್ಳಿ ಸಾಕು. ಕಾಯಿ ಬಲಿಯೋ ಹೊತ್ತಿಗೆ ಆ ಇಪ್ಪತ್ತು ಪುಟ ತೆಗೆದು ನೋಡಿ, ಯಾವ ಮರದ ಹಣ್ಣು ಯಾವ ಮನೆಗೆ ಅಂತ ನಿಮಗೇ ಗೊತ್ತಾಗುತ್ತೆ.